ಹೂಂ ಬಟನ್ನು

ಭಾಗ್ಯಶ್ರೀ ತುತ್ತು ಬಾಯಿಗಿಡುವುದಕ್ಕೂ ಅವಳ ಫೋನ್ ಹೊಡೆದುಕೊಳ್ಳುವುದಕ್ಕೂ ಹಿಂದಿನ ಜನ್ಮದ ಏನೋ ಋಣಾನುಬಂಧ ಇದ್ದಿರಬೇಕು. ಹಿರೇಕೆರೂರಿನ ಬಸ್ ನಿಲ್ದಾಣದ ಎದುರಿಗೆ, ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ, ಅವಳೂ ಅವಳ ಗಂಡ ಪ್ರಭುವೂ ಕೂಡಿ ಒಂದು ಪುಟ್ಟ ಆಫೀಸು ಇಟ್ಟುಕೊಂಡಿದ್ದರು. ಸುತ್ತಲಿನ ಅಂಗಡಿ, ಶಾಲೆ, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ. ಮಧ್ಯಾಹ್ನ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಬದನೆಕಾಯಿ ಪಲ್ಯಕ್ಕೆ ಅದ್ದುವಷ್ಟರಲ್ಲಿ ಫೋನು. ಹತ್ತಿಮತ್ತೂರಿನ ಹಾಜರಾಬಿಯದಾದರೆ, ಬೆಂಡಿ ಬೀಜ ಮುಗಿದವು, ಸೈಟಿನಿಂದ ತೆಗೆ ಎಂದು. ಹಾನಗಲ್ಲಿನ ಕುಬೇರಪ್ಪಜ್ಜನದಾದರೆ, ತನ್ನ ಫೋಟೊದಲ್ಲಿ ತಲೆಯ ಪಟಗ ಸೊಟ್ಟಗೆ ಕಾಣುತ್ತದೆ, ನೆಟ್ಟಗೆ ಮಾಡು ಎಂದು. ಅವಳು ಮಾತು ಮುಗಿಸಿ ತಿರುಗುವಷ್ಟರಲ್ಲಿ ಪ್ರಭು ಅವಳ ಪಾಲಿನ ಪಲ್ಯವನ್ನೂ ಮುಗಿಸಿರುತ್ತಿದ್ದ.

ಸೈಟು ಜವಾರಿ ಬೀಜ ಕೂಟದ್ದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹೆಣ್ಣುಮಕ್ಕಳು ಸೇರಿ, ಅಂಗಡಿಯಲ್ಲಿ ಸಿಗದ ಹಳೆಯ ತಳಿಗಳ ಬೀಜ ಕಾಪಾಡಿ, ಒಬ್ಬರಿಂದೊಬ್ಬರಿಗೆ ಬದಲಿ ಕೊಡುವ ಕೂಟ ಅದು. ಯಾರ ಮನೆಯಲ್ಲಿ ಯಾವ ಬೀಜವಿದೆ, ಯಾರಿಗೆ ಯಾವುದು ಬೇಕು ಎಂದು ಹೊಂದಿಸಿ ತೋರಿಸುವ ಆ ಸೈಟನ್ನು ಭಾಗ್ಯಶ್ರೀ ಲಾರಾವೆಲ್ ಎಂಬ ಪಿಎಚ್‌ಪಿ ಫ್ರೇಮ್‌ವರ್ಕಿನಲ್ಲಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಬ್ಬಳೇ ಬರೆದಿದ್ದಳು. ಅದು ಅವಳ ಮೊದಲ ದೊಡ್ಡ ಕೆಲಸ. ಮನೆಯನ್ನೇನೋ ಚೆಂದವಾಗಿಯೇ ಕಟ್ಟಿದ್ದಳು, ಕೀಲಿಕೈ ಮಾತ್ರ ತನ್ನ ಸೊಂಟದಲ್ಲೇ ಉಳಿಸಿಕೊಂಡಿದ್ದಳು. ಒಂದು ಅಕ್ಷರ ತಿದ್ದಬೇಕಾದರೂ ಅವಳೇ ಕೋಡ್ ಬಿಚ್ಚಿ ತಿದ್ದಬೇಕು.

ಈಗ ಅವಳಿಗೆ ಆರು ತಿಂಗಳು ತುಂಬಿತ್ತು. ತವರಿನಿಂದ, ಅಂದರೆ ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಿಂದ, ತಾಯಿ ಕರೆವ್ವನ ಆಜ್ಞೆ ಆಗಲೇ ಬಂದಿತ್ತು. ಹೆರಿಗೆಗೆ ಬಂದ ದಿನದಿಂದ ಕೂಸಿನ ಕತ್ತು ನಿಲ್ಲುವವರೆಗೆ ಬಾಣಂತಿ ಫೋನು ಮುಟ್ಟುವಂತಿಲ್ಲ, ಕಂಪ್ಯೂಟರಿನ ಹೆಸರೆತ್ತುವಂತಿಲ್ಲ. ಕರೆವ್ವನೂ ಕೂಟದವಳೇ, ಶಿಗ್ಗಾಂವಿ ತಾಲೂಕಿನ ಬೀಜ ನೋಡಿಕೊಳ್ಳುವವಳೇ. ಆದರೂ ಮಗಳ ಬಾಣಂತನದ ಮುಂದೆ ಅವಳಿಗೆ ಯಾವ ಬೀಜವೂ ದೊಡ್ಡದಲ್ಲ.

ಹಾಗಾದರೆ ಸೈಟು ನೋಡುವವರು ಯಾರು? ಕೂಟದ ಸಭೆಯಲ್ಲಿ ಈ ಪ್ರಶ್ನೆ ಬಂದಾಗ ಯಾರೋ ಹುಬ್ಬಳ್ಳಿಯ ಒಂದು ಕಂಪನಿಯ ಹೆಸರು ಹೇಳಿದರು. ಸೈಟನ್ನು ಪೂರ್ತಿ ಅವರ ಕೈಗೆ ಕೊಟ್ಟುಬಿಟ್ಟರೆ ಎಲ್ಲವನ್ನೂ ಅವರೇ ಹೊಸದಾಗಿ ಮಾಡಿ ನಡೆಸುತ್ತಾರಂತೆ. ಕೂಟದ ಅಧ್ಯಕ್ಷೆ, ಹಿರೇಕೆರೂರಿನ ಶಿವಬಸವ್ವ, ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಆ ಕಂಪನಿಯ ಕಾರ್ಡನ್ನು ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡರು. ಭಾಗ್ಯಶ್ರೀ ಅದನ್ನು ನೋಡಿದಳು.

"ನನಗ ಕೂಸು ಒಂದಲ್ರಿ, ಎರಡು," ಎಂದಳು ಪ್ರಭುವಿಗೆ, ಮೆಟ್ಟಿಲು ಹತ್ತುತ್ತ ಏದುಸಿರು ಬಿಡುತ್ತ. "ಒಂದು ಹೊಟ್ಟ್ಯಾಗ ಐತಿ, ಒಂದು ಸೈಟಿನ್ಯಾಗ ಐತಿ. ಎರಡನೇದನ್ನ ನಾ ದತ್ತು ಕೊಡಂಗಿಲ್ಲ."

ಅದಕ್ಕೆ ಮದ್ದು ಇಬ್ಬರಿಗೂ ಗೊತ್ತಿತ್ತು. ಸಿಎಂಎಸ್ ಕೂಡಿಸಬೇಕು. ಕೋಡ್ ಅಂದರೇನೆಂದು ಗೊತ್ತಿಲ್ಲದವರೂ ಮೊಬೈಲಿನಿಂದಲೇ ಒಳಗೆ ಬಂದು, ಬರೆದು, ಫೋಟೊ ಹಾಕಿ, ತಾವೇ ಪ್ರಕಟಿಸುವಂತೆ ಮಾಡುವ ವ್ಯವಸ್ಥೆ ಅದು. ನಾಲ್ಕು ತಾಲೂಕಿಗೆ ನಾಲ್ವರು ಬರೆಯುವುದೆಂದು ಕೂಟ ಒಪ್ಪಿತು. ಹಿರೇಕೆರೂರಿಗೆ ಶಿವಬಸವ್ವ, ಸವಣೂರಿಗೆ ಹಾಜರಾಬಿ, ಶಿಗ್ಗಾಂವಿಗೆ ಕರೆವ್ವ. ಹಾನಗಲ್ಲಿಗೆ ಕುಬೇರಪ್ಪಜ್ಜ. ಹೆಣ್ಣುಮಕ್ಕಳ ಕೂಟದಲ್ಲಿ ಅವನೊಬ್ಬನೇ ಗಂಡಸು. ಸಾವೆಯ ಬೀಜವನ್ನು ಬೂದಿಯಲ್ಲಿಟ್ಟು ವರ್ಷಗಟ್ಟಲೆ ಉಳಿಸಿದವನೆಂದು ಹೆಣ್ಣುಮಕ್ಕಳೇ ಅವನನ್ನು ಕರೆದು ಕೂಡಿಸಿಕೊಂಡಿದ್ದರು.

ಮದ್ದು ಗೊತ್ತಿದ್ದರೇನು, ಯಾವ ಅಂಗಡಿಯ ಮದ್ದು ಎಂಬುದರ ಮೇಲೆ ಗಂಡಹೆಂಡಿರಿಗೆ ಜಗಳ ಬಿತ್ತು. ಪ್ರಭುವಿನದು ದೊಡ್ಡ ಸಿಎಂಎಸ್ಸು, ಊರೆಲ್ಲ ಬಳಸುವಂಥದ್ದು. ಕೆಟ್ಟರೆ ಯಾರನ್ನು ಕೇಳಿದರೂ ಹೇಳುತ್ತಾರೆ, ಕಲಿಯಲು ಬೇಕಾದಷ್ಟು ವಿಡಿಯೊಗಳಿವೆ ಎಂದು ಅವನ ವಾದ. ಭಾಗ್ಯಶ್ರೀಗೆ ಅದು ಸೇರದು. ಅದು ತಮ್ಮ ಮನೆಯ ಪಕ್ಕ ಇನ್ನೊಂದು ಮನೆ ಕಟ್ಟಿದ ಹಾಗೆ, ಅದರ ಪಾಸ್‌ವರ್ಡ್ ಬೇರೆ, ಡೇಟಾಬೇಸ್ ಬೇರೆ. ಬೀಜ ಈ ಮನೆಯಲ್ಲಿ, ಬೀಜದ ಸುದ್ದಿ ಆ ಮನೆಯಲ್ಲಿ. ಎರಡರ ನಡುವೆ ಓಡಾಡುತ್ತ ತಾನು ಇನ್ನೊಂದು ಬಸುರು ಹೊರಬೇಕಾಗುತ್ತದೆ ಎಂದು ಅವಳ ತಕರಾರು. ಅವಳ ಆಯ್ಕೆ ಲಾರಾವೆಲ್ಲಿನ ಒಳಗೇ ಕೂಡುವ ಒಂದು ಸಣ್ಣ ಸಿಎಂಎಸ್ಸು. ಹೆಸರು ಕೇಳಿದವರು ಕಡಿಮೆ, ಆದರೆ ಇದ್ದ ಮನೆಯ ಗೋಡೆಯಲ್ಲೇ ಒಂದು ಗೂಡು ತೆಗೆದ ಹಾಗೆ ಬೇಕಾದಲ್ಲಿ ಬೇಕಾದಷ್ಟು ತೆಗೆದುಕೊಳ್ಳಬಹುದು. ನಿನ್ನದಕ್ಕೆ ಗೊತ್ತಿರುವವರಿಲ್ಲ ಎಂದು ಅವನು, ನಿಮ್ಮದಕ್ಕೆ ಹೊಂದಿಕೆಯಿಲ್ಲ ಎಂದು ಇವಳು. ಕೆಳಗಿನ ಗೊಬ್ಬರದ ಅಂಗಡಿಯವರು ಇದೇನೋ ಆಸ್ತಿ ಪಾಲಿನ ಜಗಳವಿರಬೇಕೆಂದು ಮರ್ಯಾದೆಗೆ ಕೇಳದೆ ಸುಮ್ಮನಿದ್ದರು.

ಸಂತೆಯ ದಿನ ಗೋವಿನಜೋಳದ ದರ ಕೇಳಲು ಬಂದ ಕುಬೇರಪ್ಪಜ್ಜ ಮೆಟ್ಟಿಲು ಹತ್ತಿ ಬಂದು, ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡು, ಇಬ್ಬರ ವಾದವನ್ನೂ ಚಹಾ ಮುಗಿಯುವವರೆಗೆ ಕೇಳಿದ.

"ನನಗ ಸಿಎಂಎಸ್ ಗೊತ್ತಿಲ್ಲ, ಎತ್ತು ಗೊತ್ತೈತಿ," ಎಂದ. "ಸಂತ್ಯಾಗ ಎತ್ತಿನ ಹಲ್ಲು ಎಲ್ಲಾರೂ ನೋಡ್ತಾರ. ಹೂಡಿ ನೋಡಿ ತಗೊಳ್ಳಾಂವ ಶ್ಯಾಣ್ಯಾ. ಎರಡನ್ನೂ ಒಂದೊಂದು ವಾರ ಹೂಡ್ರಿ. ಆದ್ರ ಹೂಡಿದ ಮ್ಯಾಲ ಮಾರಾಂವ ಎತ್ತಿಗೆ ಕೈ ಹಚ್ಚಬಾರದು. ಅದು ಸಂತಿ ಕಾಯ್ದೆ."

ನ್ಯಾಯ ಇಬ್ಬರಿಗೂ ಒಪ್ಪಿಗೆಯಾಯಿತು. ಮೊದಲ ವಾರ ಪ್ರಭುವಿನದು, ಎರಡನೆಯ ವಾರ ಭಾಗ್ಯಶ್ರೀಯದು. ನಾಲ್ವರು ಬರೆದದ್ದು ಸೈಟಿನ ಮುಖಪುಟದಲ್ಲಿ ಎಷ್ಟು ಬರುತ್ತದೋ ನೋಡಬೇಕು. ತೀರ್ಮಾನವಾಗುವವರೆಗೆ ಗಂಡಹೆಂಡಿರಿಬ್ಬರೂ ಒಳಗೆ ಇಣುಕಬಾರದು, ಹಿಂದಿನಿಂದ ತಳ್ಳಬಾರದು.

ಎರಡನ್ನೂ ಕಲಿಸುವ ದಿನ ನಾಲ್ವರೂ ಆಫೀಸಿಗೆ ಬಂದರು. ಕೆಳಗಿನಿಂದ ಗಿರ್ಮಿಟ್ಟು ತರಿಸಿದ್ದಾಯಿತು, ಮೆಣಸಿನಕಾಯಿ ಬಜ್ಜಿ ತರಿಸಿದ್ದಾಯಿತು. ಎಣ್ಣೆಗೈಯಿಂದಲೇ ಎಲ್ಲರೂ ಮೊಬೈಲು ಒತ್ತಿದರು. ಹಾಜರಾಬಿ ಒಂದೇ ಸಲಕ್ಕೆ ಕಲಿತರು. ಶಿವಬಸವ್ವ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಆರಿಸಿದರು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಕುಬೇರಪ್ಪಜ್ಜ ಬರೆಯುವುದು ಒಲ್ಲದೆ ಮೊಬೈಲಿಗೆ ಬಾಯಿಂದ ಹೇಳಿ ಬರೆಸಿದ. ಕೊನೆಗೆ 'ಪ್ರಕಟಿಸಿ' ಎಂಬ ಬಟನ್ ಬಂದಾಗ ಪ್ರತಿಯೊಬ್ಬರೂ ಬೆರಳು ಎತ್ತಿ ಹಿಡಿದು, ಒತ್ತಲೇನ ಎಂದು ಕೇಳಿದರು. ಹೂಂ, ಒತ್ತರಿ ಎಂದಳು ಭಾಗ್ಯಶ್ರೀ. ಒತ್ತಿದರು. ಬರೆದದ್ದು ಸೈಟಿನಲ್ಲಿ ಕಂಡಿತು. ಇಷ್ಟೇ ಏನು ಎಂದು ನಗುತ್ತ ಬಸ್ಸು ಹತ್ತಿ ಹೋದರು.

ಮೊದಲ ವಾರ ಕಳೆಯಿತು. ಮುಖಪುಟದಲ್ಲಿ ಹೊಸದಾಗಿ ಒಂದು ಅಕ್ಷರ ಇಲ್ಲ. ಪ್ರಭುವಿನ ಎತ್ತು ಮಲಗಿತೆಂದು ಭಾಗ್ಯಶ್ರೀಗೆ ಒಳಗೊಳಗೇ ಖುಷಿ. ಆ ಖುಷಿ ಅವನ ರೊಟ್ಟಿಯ ಮೇಲಿನ ಬೆಣ್ಣೆಯಲ್ಲಿ ಕಾಣುತ್ತಿತ್ತು. ಎರಡನೆಯ ವಾರ ಅವಳದು. ಬೆಳಿಗ್ಗೆ ಎದ್ದು ನೋಡುತ್ತಾಳೆ, ಖಾಲಿ. ಮಧ್ಯಾಹ್ನ ನೋಡುತ್ತಾಳೆ, ಖಾಲಿ. ವಾರದ ಕೊನೆಗೆ ತಡೆಯಲಾರದೆ ಸಂತೆ ಕಾಯ್ದೆ ಮುರಿದು ಒಬ್ಬೊಬ್ಬರಿಗೇ ಫೋನು ಮಾಡಿ, ಬರೆದಿರಾ ಎಂದು ಕೇಳಿದಳು. ಬರೆದಿದ್ದೇವೆ ತಂಗಿ, ಬಹಳ ಚಲೋ ಇದೆ, ನೀನು ಚಿಂತೆ ಮಾಡಬೇಡ, ಹೊತ್ತಿಗೆ ಸರಿಯಾಗಿ ಉಣ್ಣು ಎಂದು ನಾಲ್ವರೂ ಒಂದೇ ರಾಗ ಹಾಡಿದರು.

ಭಾಗ್ಯಶ್ರೀಗೆ ಅಳುವೇ ಬಂತು. ನಮ್ಮ ಕಡೆ ಬಸುರಿಯ ಮನಸ್ಸು ನೋಯಿಸುವವರು ಯಾರಿದ್ದಾರೆ? ಬಸುರಿ ಹಗಲನ್ನು ರಾತ್ರಿ ಅಂದರೂ, ಹೌದವ್ವಾ, ಚುಕ್ಕಿ ಮೂಡಿವೆ ಅನ್ನುವ ಮಂದಿ. ಬರೆಯಲು ಬಾರದೆ ಸೋತು, ಅದನ್ನು ಹೇಳಲಾರದೆ ತನ್ನನ್ನು ರಮಿಸುತ್ತಿದ್ದಾರೆ ಎಂದು ಅವಳು ತಿಳಿದಳು. ಪ್ರಭುವಿಗೆ ಗೆಲ್ಲುವ ಹುರುಪು ಎಂದೋ ಇಳಿದಿತ್ತು. ಅವನೇ ಅವಳ ಮುಂದೆ ತಾಟು ಇಟ್ಟು, ಪಲ್ಯವನ್ನು ಪೂರ್ತಿ ಅವಳಿಗೇ ಬಡಿಸಿದ.

ಭಾಗ್ಯಶ್ರೀಯ ಕುಬಸ, ಅಂದರೆ ಸೀಮಂತ, ತವರಿನಲ್ಲಿತ್ತು. ಆ ದಿನ ಎಲ್ಲರೂ ಹಿರೇಬೆಂಡಿಗೇರಿಗೆ ಬರುತ್ತಾರೆ, ಊಟವಾದ ಮೇಲೆ ಸೈಟಿನದೊಂದು ತೀರ್ಮಾನ ಮಾಡಿಬಿಡೋಣ ಎಂದು ಶಿವಬಸವ್ವ ಹೇಳಿ ಕಳಿಸಿದರು. ಹೀಗಾಗಿ ಭಾಗ್ಯಶ್ರೀ ತನ್ನದೇ ಕುಬಸಕ್ಕೆ ಪರೀಕ್ಷೆಗೆ ಹೋಗುವವಳಂತೆ ಹೋದಳು.

ಆದರೆ ತವರಿನ ಅಂಗಳ ಅವಳ ಮೋರೆ ನೋಡಿ ಸುಮ್ಮನಿರುವಂಥದ್ದಲ್ಲ. ಹಸಿರು ಸೀರೆ ಉಡಿಸಿದರು, ಮೊಣಕೈವರೆಗೆ ಹಸಿರು ಬಳೆ ಇಡಿಸಿದರು, ತಲೆತುಂಬ ಹೂವು ಮುಡಿಸಿದರು. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿಯ ಜೊತೆ ಕೂಟದ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಯ ಬೀಜವನ್ನೂ ಒಂದೊಂದು ಚಿಟಿಕೆ ಹಾಕಿದರು. ಹಾಜರಾಬಿ ಕೆಂಪು ಬೆಂಡಿಯ ಬೀಜವನ್ನು ಗಂಟು ಕಟ್ಟಿ ತಂದಿದ್ದರು. ಅದನ್ನು ಉಡಿಯಲ್ಲಿಟ್ಟು ಅವಳ ಎರಡೂ ಕೆನ್ನೆ ಸವರಿ ಲಟಿಕೆ ಮುರಿದರು. ಹಾಡುವವರ ದನಿ ಏರಿತು. ಭಾಗ್ಯಶ್ರೀಗೆ ಸೈಟು ಮರೆತೇಹೋಯಿತು, ಒಂದರ್ಧ ತಾಸಿನ ಮಟ್ಟಿಗೆ.

ಆಮೇಲೆ ಊಟ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಕೋಸಂಬರಿ, ತುಪ್ಪ. ಪಡಸಾಲೆಯಲ್ಲಿ ಸಾಲಾಗಿ ಎಲೆ ಹಾಕಿ ಬಡಿಸಿದ್ದಾಯಿತು. ಎಲ್ಲರೂ ಕೈ ಮಡಿಲಲ್ಲಿಟ್ಟು ಕುಳಿತರು. ಪಂಕ್ತಿಯಲ್ಲಿ ಹಿರಿಯರು ಮೊದಲು ಕೈ ಹಾಕಬೇಕು, ಆಮೇಲೆ ಉಳಿದವರು. ಹಿರಿಯ ಕುಬೇರಪ್ಪಜ್ಜ. ಆದರೆ ಅಜ್ಜನ ಲೆಕ್ಕದಲ್ಲಿ ಇದು ಹೆಣ್ಣುಮಕ್ಕಳ ಕಾರ್ಯ, ಬಸುರಿ ಮೊದಲು ಬಾಯಿ ಸಿಹಿ ಮಾಡಬೇಕು. ಬಸುರಿ ಅಜ್ಜನ ಮುಖ ನೋಡಿದಳು. ಶಿವಬಸವ್ವನೂ ಅಜ್ಜನ ಮುಖ ನೋಡಿದರು. ಕರೆವ್ವ ಮನೆಯವಳು, ಅವಳಂತೂ ಕೊನೆಗೆ ಉಣ್ಣುವವಳು. ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟತೊಡಗಿತು. ಹಸಿದಿದ್ದ ಪ್ರಭುವಿನ ಕೈ ಒಮ್ಮೆ ಎಲೆಯ ಅಂಚಿನವರೆಗೆ ಹೋಗಿ, ಅತ್ತೆಯ ಕಣ್ಣು ನೋಡಿ ವಾಪಸು ಬಂತು.

ಭಾಗ್ಯಶ್ರೀಯ ಪಕ್ಕದಲ್ಲಿದ್ದ ಹಾಜರಾಬಿ ಅವಳ ಕಿವಿಯ ಹತ್ತಿರ ಬಾಗಿದರು.

"ನಂದೂ ಇದ ಹಣೇಬಾರ ತಂಗಿ," ಎಂದರು. "ಮೆಣಸಿನಕಾಯಿದು ಬರದು, ಫೋಟೊ ಹಾಕಿ ಇಟ್ಟು ಎಂಟತ್ತು ದಿವಸ ಆತು. ಅಜ್ಜಾರು ಹೂಂ ಅನ್ನವಲ್ರು, ನಾ ಒತ್ತಂಗಿಲ್ಲ."

ಭಾಗ್ಯಶ್ರೀ ತಿರುಗಿ ನೋಡಿದಳು. "ಬರದೀರಿ? ಎಲ್ಲಿ ಬರದೀರಿ?"

"ಅದರಾಗ ಬರದೇನಿ. ನಿಂದರಾಗ, ನಿನ್ನ ಗಂಡಂದರಾಗ, ಎರಡರಾಗೂ. ಒತ್ತೂದು ಒಂದ ಬಾಕಿ. ಹಿರ್ಯಾರಿದ್ದಾಗ ನಾ ಮೊದಲ ಹೆಂಗ ಊರಿಗೆಲ್ಲಾ ಡಂಗುರ ಹೊಡೀಲಿ?"

ಮಾತು ಪಂಕ್ತಿಯ ತುದಿಗೆ ಮುಟ್ಟಿತು. ಕುಬೇರಪ್ಪಜ್ಜ ಹುಬ್ಬೇರಿಸಿದ. ಬರೆಯುವುದನ್ನು ತಾನೂ ಎಂದೋ ಬರೆದಿಟ್ಟಿದ್ದಾನೆ, ಆದರೆ ಕೂಟ ಹೆಣ್ಣುಮಕ್ಕಳದು, ಅಧ್ಯಕ್ಷರು ಒತ್ತುವ ಮೊದಲು ಗಂಡಸು ಒತ್ತಿದರೆ ಚೆಂದವಲ್ಲ ಎಂದು ಕಾಯುತ್ತಿದ್ದಾನೆ. ಅಧ್ಯಕ್ಷರೇನು ಮಾಡುತ್ತಿದ್ದರು? ಅಜ್ಜ ಇರುವಾಗ ತಾನು ಮುಂದೆ ಹೋಗುವುದು ಹೇಗೆಂದು ಅವರೂ ಕಾಯುತ್ತಿದ್ದರು. ಕರೆವ್ವ ತುಪ್ಪದ ಗಿಂಡಿ ಹಿಡಿದು ನಿಂತವಳು, ಮಗಳು ಮಾಡಿದ್ದಕ್ಕೆ ತಾಯಿಯೇ ಮೊದಲು ಒತ್ತಿದರೆ ಮಂದಿ ಏನಂದಾರು ಎಂದು ತಾನೂ ಬರೆದು ಮುಚ್ಚಿಟ್ಟದ್ದನ್ನು ಒಪ್ಪಿಕೊಂಡಳು. ಕಲಿಸುವ ದಿನ ಎಲ್ಲರೂ ಒತ್ತಿದ್ದರು, ಯಾಕೆಂದರೆ ಅಂದು ಹೂಂ ಅನ್ನಲು ಭಾಗ್ಯಶ್ರೀ ಇದ್ದಳು.

ಮೊದಲು ನಕ್ಕವರು ಶಿವಬಸವ್ವ. ಆಮೇಲೆ ಯಾರು ಯಾರ ಮೇಲೆ ಬಿದ್ದು ನಕ್ಕರೋ ಹೇಳಲಾಗದು. ಭಾಗ್ಯಶ್ರೀ ಬಳೆಗಳೆಲ್ಲ ಗಲಗಲ ಅನ್ನುವ ಹಾಗೆ ನಕ್ಕಳು, ಹೊಟ್ಟೆಯೊಳಗಿನದೂ ಒಂದು ಸಲ ಒದ್ದು ತಾನೂ ಇದ್ದೇನೆಂದು ತೋರಿಸಿತು. ಇಷ್ಟು ದಿನ ಎದೆಯ ಮೇಲೆ ಕುಳಿತ ಕಲ್ಲು ಎತ್ತಿಟ್ಟಂತಾಗಿ, ಅವಳು ಹೋಳಿಗೆ ಮುರಿದು ಎಲ್ಲರಿಗಿಂತ ಮೊದಲು ತಾನೇ ಬಾಯಿಗಿಟ್ಟಳು. ಪಂಕ್ತಿ ಸಾಗಿತು. ಪ್ರಭು ಎಷ್ಟು ಹೋಳಿಗೆ ತಿಂದನೆಂದು ಎಣಿಸಲು ಹೋದ ಅವನ ನಾದಿನಿಯರು ನಡುವೆಯೇ ಬಿಟ್ಟುಕೊಟ್ಟರು.

ಊಟವಾದ ಮೇಲೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದರು. ಎರಡೂ ಸಿಎಂಎಸ್ಸಿನ ಹೊಟ್ಟೆ ತುಂಬಿ ತುಳುಕುತ್ತಿತ್ತು. ಕೆಂಪು ಓಢಣಿಯ ಮೇಲೆ ಹರವಿದ ಹಾಜರಾಬಿಯ ಮೆಣಸಿನಕಾಯಿ. ಎಲ್ಲಿಯೂ ಪೂರ್ಣವಿರಾಮ ಇಲ್ಲದೆ, ಉಸಿರು ತೆಗೆದುಕೊಳ್ಳದೆ ಹರಿದ ಅಜ್ಜನ ಸಾವೆ ಪುರಾಣ. ಸೌತೆಬೀಜ ಬೇಕೆಂಬ ಶಿವಬಸವ್ವನ ಕರೆ. ತೊಲೆಗೆ ಕಟ್ಟಿದ ಹೀರೇಕಾಯಿಯ ಕೆಳಗೆ ಲಂಗ ತೊಟ್ಟು ನಿಂತ ಸಣ್ಣ ಭಾಗ್ಯಶ್ರೀಯ ಹಳೆಯ ಫೋಟೊ, ಕರೆವ್ವ ಹಾಕಿದ್ದು. ಎರಡು ಎತ್ತೂ ಹೊಲವನ್ನೆಲ್ಲ ಉತ್ತಿದ್ದವು.

ಇನ್ನು ಆರಿಸುವುದು ಯಾವುದನ್ನು? ಪ್ರಭುವಿನ ದೊಡ್ಡದರಲ್ಲಿ ಒಪ್ಪಿಗೆ ಕೊಡುವ ಅನುಕೂಲವೇನೋ ಇತ್ತು. ಅವನು ಅದನ್ನು ಹೂಡಿದ್ದ ರೀತಿಯಲ್ಲಿ ಒಬ್ಬರು ಮೇಲಿನ ಸಂಪಾದಕರಾಗಬೇಕು, ಉಳಿದವರು ಅವರ ಕೈಕೆಳಗೆ. ಸಂಪಾದಕರು ಯಾರಾಗುತ್ತೀರಿ ಎಂದು ಪ್ರಭು ಕೇಳಿದ. ನಾಲ್ವರೂ ತಮ್ಮನ್ನು ಬಿಟ್ಟು ಉಳಿದ ಮೂವರ ಕಡೆ ಕೈ ತೋರಿಸಿದರು. ಭಾಗ್ಯಶ್ರೀ ಆಗ ತನ್ನ ಸಣ್ಣದರಲ್ಲಿ ಏನು ಮಾಡಬಹುದೆಂದು ಹೇಳಿದಳು. ಮೇಲಿನವರು ಯಾರೂ ಬೇಡ. ಒಬ್ಬರು ಬರೆದದ್ದಕ್ಕೆ ಬೇರೆ ತಾಲೂಕಿನ ಯಾರಾದರೂ ಇಬ್ಬರು ಹೂಂ ಅಂದರೆ ಸಾಕು, ಅದು ತಾನಾಗಿಯೇ ಹೊರಗೆ ಹೋಗುವಂತೆ ಮಾಡುತ್ತೇನೆ. ಒತ್ತುವ ಭಾರ ಬರೆದವರ ಮೇಲೆ ಇರುವುದೇ ಇಲ್ಲ.

ಪ್ರಭು ತಲೆ ಕೆರೆದುಕೊಂಡ. ಅವನಿಗೆ ಹಟವಿತ್ತೇ ಹೊರತು ಹೊಟ್ಟೆಕಿಚ್ಚಿರಲಿಲ್ಲ.

"ನಿಂದ ಇರಲಿ," ಎಂದ. "ನನ್ನದಕ್ಕ ಗೌಡ ಬೇಕು. ನಿನ್ನದಕ್ಕ ಮಂದಿ ಸಾಕು."

ಶಿವಬಸವ್ವ ಎಲೆಅಡಿಕೆಯ ಚೀಲ ಬಿಚ್ಚಿ, ಹುಬ್ಬಳ್ಳಿ ಕಂಪನಿಯ ಆ ಕಾರ್ಡನ್ನು ಹೊರಗೆ ತೆಗೆದು, ಅದರ ಮೂಲೆಯಿಂದ ಡಬ್ಬಿಯ ಸುಣ್ಣ ತೆಗೆದು ಎಲೆಗೆ ಸವರಿ, ಕಾರ್ಡನ್ನು ಅಂಗಳಕ್ಕೆ ಒಗೆದರು. ಆ ಎಲೆಯನ್ನು ಮಡಿಚಿ ಭಾಗ್ಯಶ್ರೀಯ ಕೈಗೆ ಕೊಟ್ಟರು. ತೀರ್ಮಾನವಾಯಿತೆಂದು ಎಲ್ಲರಿಗೂ ತಿಳಿಯಿತು.

ಉಳಿದ ದಿನಗಳಲ್ಲಿ ಭಾಗ್ಯಶ್ರೀ ಹೊಟ್ಟೆ ಹೊತ್ತು, ಕುರ್ಚಿಗೆ ದಿಂಬು ಆನಿಸಿಕೊಂಡು, ಸಿಎಂಎಸ್ಸನ್ನು ಕೂಟದ ಮೈಗೆ ಸರಿಯಾಗಿ ಹೊಲಿದಳು. 'ಪ್ರಕಟಿಸಿ' ಎಂಬ ಬಟನ್ ತೆಗೆದುಹಾಕಿ, ಅದರ ಜಾಗದಲ್ಲಿ 'ಹೂಂ' ಎಂದು ಬರೆದ ಹಸಿರು ಬಟನ್ ಇಟ್ಟಳು. ಆಮೇಲೆ ಬಟ್ಟೆಬರೆ ಕಟ್ಟಿಕೊಂಡು ತವರಿಗೆ ನಡೆದಳು.

ಹೆಣ್ಣುಕೂಸು ಹುಟ್ಟಿತು. ಬಾಣಂತಿಯ ಕೋಣೆಗೆ ಬೆಚ್ಚಗೆ ಹೊಗೆ ಹಾಕಿ, ಕಿಟಕಿ ಮುಚ್ಚಿ, ಫೋನನ್ನು ಕರೆವ್ವ ಕಪಾಟಿಗೆ ಸೇರಿಸಿದಳು. ಅವಳ ಸ್ವಂತ ಫೋನು ಮಾತ್ರ ಅಡುಗೆಮನೆಯಲ್ಲಿ ಆಗಾಗ ಟಿಣ್ ಅನ್ನುತ್ತಿತ್ತು. ಅದರ ಹಿಂದೆಯೇ ಕರೆವ್ವ ಓದಿ, ಹೂಂ ಎಂದು ಬಾಯಲ್ಲೂ ಹೇಳಿ, ಬೆರಳಲ್ಲೂ ಒತ್ತುತ್ತಿದ್ದಳು. ಒಳಗೆ ಮಲಗಿದ್ದ ಭಾಗ್ಯಶ್ರೀ ಕಿವಿ ನಿಮಿರಿಸಿ ಕೇಳುತ್ತಿದ್ದಳು. ಒಬ್ಬರೂ ಅವಳನ್ನು ಕೇಳಲಿಲ್ಲ. ಬೆಂಡಿ ಮುಗಿಯಿತು, ತೆಗೆ ಅನ್ನಲಿಲ್ಲ. ಪಟಗ ಸೊಟ್ಟಗಿದೆ ಅನ್ನಲಿಲ್ಲ. ಅವಳು ಕಟ್ಟಿದ ಮನೆ ಅವಳಿಲ್ಲದೆಯೂ ನಡೆಯುತ್ತಿತ್ತು. ಅವಳಿಗೆ ಬಹಳ ಸಂತೋಷವಾಗುತ್ತಿತ್ತು, ಆ ಸಂತೋಷದ ಒಂದು ಮೂಲೆಯಲ್ಲಿ ಚೂರು ಬೇಜಾರೂ ಇತ್ತು. ಬಿಸಿ ಬಿಸಿ ಅನ್ನ, ತುಪ್ಪ, ಸಾರು ಯಾವ ಫೋನಿನ ಕಾಟವೂ ಇಲ್ಲದೆ ಉಣ್ಣುವಾಗ ಆ ಬೇಜಾರು ಇನ್ನಷ್ಟು ಚುಚ್ಚುತ್ತಿತ್ತು.

ಹೆಸರಿಡುವುದು ನಾಳೆ ಎನ್ನುವಾಗ ಕರೆವ್ವ ಕೈ ಒರೆಸಿಕೊಳ್ಳುತ್ತ, ತನ್ನ ಫೋನು ಹಿಡಿದು ಕೋಣೆಗೆ ಬಂದಳು. ಶಿವಬಸವ್ವ ಏನೋ ಬರೆದಿದ್ದಾರೆ, ಹಾಜರಾಬಿ ಆಗಲೇ ಹೂಂ ಅಂದಿದ್ದಾರೆ, ಇನ್ನೊಂದು ಹೂಂ ಬೇಕು. ಕುಬೇರಪ್ಪಜ್ಜ ಮಾತ್ರ ತಾನು ಒತ್ತಲು ಒಪ್ಪದೆ ಕರೆವ್ವನಿಗೆ ಫೋನು ಮಾಡಿ, ಎರಡನೆಯ ಹೂಂ ನಿನ್ನ ಮಗಳದೇ ಆಗಬೇಕು, ಬೆರಳು ನಿನ್ನದಿರಲಿ, ಬಾಯಿ ಅವಳದಿರಲಿ ಎಂದು ಹೇಳಿದನಂತೆ.

ಭಾಗ್ಯಶ್ರೀಗೆ ಫೋನು ಮುಟ್ಟಲು ಕೊಡದೆ, ದೂರ ನಿಂತೇ ಕರೆವ್ವ ಓದಿದಳು. ಸುದ್ದಿ 'ಹೊಸ ತಳಿ' ಎಂಬ ವಿಭಾಗದಲ್ಲಿತ್ತು, ಶಿವಬಸವ್ವನಿಗೆ ಬೇರೆ ಜಾಗ ಸಿಕ್ಕಿರಲಿಲ್ಲ. ಆ ವಿಭಾಗದಲ್ಲಿ ಕೇಳಿದ್ದನ್ನೆಲ್ಲ ಅವರು ಬಿಡದೆ ತುಂಬಿದ್ದರು. ತಳಿ, ಹೆಣ್ಣು. ಬಣ್ಣ, ಗೋಧಿ. ತೂಕ, ಮೂರು ಕಿಲೊ ಚಿಲ್ಲರೆ. ಸಿಗುವ ಊರು, ಸದ್ಯಕ್ಕೆ ಹಿರೇಬೆಂಡಿಗೇರಿ. ಬೀಜ ಕೊಟ್ಟವರು ಎಂಬಲ್ಲಿಗೆ ಬಂದು ಕರೆವ್ವ ಕೆಮ್ಮಿ ಆ ಸಾಲು ಹಾರಿಸಿದಳು. ಕೊನೆಯ ಸಾಲು, ಬದಲಿ ಕೊಡಲು ಇದೆಯೇ ಎಂಬುದು.

"'ಇಲ್ಲ' ಅಂತ ಬರದಾರ," ಎಂದಳು ಕರೆವ್ವ. "'ಈ ಕೂಸನ್ನೂ ಕೊಡಂಗಿಲ್ಲ, ಸೈಟು ಅನ್ನೋ ಕೂಸನ್ನೂ ಕೊಡಂಗಿಲ್ಲ. ಎರಡೂ ನಮ್ಮವು' ಅಂತ ಬರದಾರ ನೋಡು."

ಭಾಗ್ಯಶ್ರೀಯ ಕಣ್ಣು ತುಂಬಿ ಬಂದವು. ಅಂದು ಮೆಟ್ಟಿಲ ಮೇಲೆ ತಾನು ಆಡಿದ ಮಾತನ್ನು ಪ್ರಭು ಯಾವಾಗ ಇವರಿಗೆ ಮುಟ್ಟಿಸಿದನೋ. 'ಮಕ್ಕಳು' ಎಂದು ಹೊಸದೊಂದು ವಿಭಾಗ ಮಾಡಬೇಕೆಂದು ಅವಳ ಬೆರಳು ಒಮ್ಮೆ ತುರಿಸಿತು. ಬೇಡ, ಇದು ಹೊಸ ತಳಿಯಲ್ಲೇ ಇರಲಿ ಅನ್ನಿಸಿತು. ಕೂಸು ಅವಳ ಮಗ್ಗುಲಲ್ಲಿ ಮುಷ್ಟಿ ಬಿಗಿಹಿಡಿದು ಮಲಗಿತ್ತು.

ಕರೆವ್ವ ಬೆರಳು ಎತ್ತಿ ಹಿಡಿದು ಕಾಯುತ್ತಿದ್ದಳು. "ಒತ್ತಲೇನ?"

"ಹೂಂ," ಎಂದಳು ಭಾಗ್ಯಶ್ರೀ.